ಪಿನ್ ಕೋಡ್ ಕಚೇರಿಯದು, ವಿಳಾಸ ಮನೆಯದು: ಉತ್ತರ ಕನ್ನಡದ ಕಾಡಿನೊಳಗಿನ ಟಪಾಲು

ಅಂಕೋಲೆಯ ಪಿನ್ ಕೋಡ್ 581314, ಬನವಾಸಿಯದು 581318, ಭಟ್ಕಳದ್ದು 581320. ಅಂಕಿಗಳನ್ನಷ್ಟೇ ನೋಡಿದವರಿಗೆ ಇವು ಮೂರೂ ಅಕ್ಕಪಕ್ಕದ ಊರುಗಳೆನಿಸಬೇಕು. ಆದರೆ ಅಂಕೋಲೆ ಇರುವುದು ಕಡಲ ಕರೆಯಲ್ಲಿ. ಬನವಾಸಿಗೆ ಹೋಗಬೇಕಾದರೆ ಘಟ್ಟ ಹತ್ತಿ, ಶಿರಸಿ ದಾಟಿ, ವರದಾ ನದಿಯ ದಂಡೆಗೆ ಇಳಿಯಬೇಕು. ಭಟ್ಕಳ ಈ ಜಿಲ್ಲೆಯ ಕರಾವಳಿಯ ತೆಂಕಣ ತುದಿ. ಈ ಸಾಲನ್ನು ಮುಂದುವರಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ದಾಂಡೇಲಿ 581325, ಗೋಕರ್ಣ 581326, ಹಳಿಯಾಳ 581329, ಹೊನ್ನಾವರ 581334, ಕುಮಟಾ 581343, ಮುಂಡಗೋಡ 581349, ಸಿದ್ದಾಪುರ 581355, ಯಲ್ಲಾಪುರ 581359. ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಅಕ್ಷರಮಾಲೆಯ ಕ್ರಮಕ್ಕೆ ಜೋಡಿಸಿದರೆ ಸಿಗುವ ಪಟ್ಟಿ ಇದೇ. ಉತ್ತರ ಕನ್ನಡದ ಪಿನ್ ಸಂಖ್ಯೆಗಳ ಕೊನೆಯ ಮೂರು ಅಂಕಿಗಳು ಬಹುಪಾಲು ಮೇಜಿನ ಮೇಲೆ ಹುಟ್ಟಿದವು. ನೆಲದ ಮೇಲೆ ಯಾವ ಊರಿನ ಪಕ್ಕ ಯಾವ ಊರಿದೆ ಎಂಬುದು ಅವುಗಳಿಗೆ ಸಂಬಂಧಿಸಿದ್ದಲ್ಲ.

ಇದನ್ನು ದೋಷವೆಂದು ಹೇಳಿದರೆ ಅನ್ಯಾಯವಾದೀತು. 1972ರ ಆಗಸ್ಟ್ 15ರಂದು ಪಿನ್ ಪದ್ಧತಿ ಜಾರಿಗೆ ಬಂದಾಗ ಅದನ್ನು ಓದಬೇಕಿದ್ದವನು ಟಪಾಲು ವಿಂಗಡಿಸುವ ನೌಕರ ಮಾತ್ರ. ಕೇಂದ್ರ ಸಂಪರ್ಕ ಸಚಿವಾಲಯದ ಹೆಚ್ಚುವರಿ ಕಾರ್ಯದರ್ಶಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ ಅವರು ರೂಪಿಸಿದ ಈ ಪದ್ಧತಿಯ ಉದ್ದೇಶ ಬಹಳ ಸರಳವಾಗಿತ್ತು: ಹತ್ತಾರು ಲಿಪಿಗಳಲ್ಲಿ, ನೂರಾರು ಕಾಗುಣಿತಗಳಲ್ಲಿ, ಒಂದೇ ಹೆಸರಿನ ಹಲವು ಊರುಗಳಿಗೆ ಬರುವ ಕಾಗದಗಳು ದಾರಿ ತಪ್ಪಬಾರದು. ಇದರ ಅಗತ್ಯವನ್ನು ತಿಳಿಯಲು ಕರ್ನಾಟಕದಾಚೆ ನೋಡಬೇಕಾಗಿಲ್ಲ. ಸಿದ್ದಾಪುರವೆಂಬ ಊರು ಉತ್ತರ ಕನ್ನಡದಲ್ಲಿದೆ, ಕುಂದಾಪುರದ ಘಟ್ಟದ ಬುಡದಲ್ಲಿದೆ, ಕೊಡಗಿನ ಕಾಫಿ ತೋಟಗಳ ನಡುವೆಯೂ ಇದೆ. ಮೂರೂ ಮಳೆಕಾಡಿನ ಸೀಮೆಗಳೇ. 581, 576, 571 ಎಂಬ ಮೊದಲ ಮೂರು ಅಂಕಿಗಳು ಇಲ್ಲದಿದ್ದರೆ ಬೆಂಗಳೂರಿನಲ್ಲಿ ಅಂಚೆಗೆ ಹಾಕಿದ ಕಾಗದ ಯಾವ ಸಿದ್ದಾಪುರಕ್ಕೆ ಹೋಗಬೇಕೆಂದು ಯಾರೂ ಖಚಿತವಾಗಿ ಹೇಳಲಾರರು.

ಆರು ಅಂಕಿಗಳ ಅರ್ಥ ಇಷ್ಟು. ಮೊದಲನೆಯದು ವಲಯ, ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ 5. ಎರಡನೆಯದು ಉಪವಲಯ, ಮೂರನೆಯದು ವಿಂಗಡಣಾ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ. ಇಲ್ಲಿ ವಿಂಗಡಣಾ ಜಿಲ್ಲೆಗೂ ಕಂದಾಯ ಜಿಲ್ಲೆಗೂ ತಾಳೆಯಾಗಬೇಕೆಂಬ ನಿಯಮವಿಲ್ಲ. ಕಾರವಾರದ 581301ಕ್ಕೂ ಹಾವೇರಿಯ 581110ಕ್ಕೂ ಮೊದಲ ಮೂರು ಅಂಕಿ ಒಂದೇ. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಈ ಅವಧಿಯ ಬಹುಭಾಗ ಘಟ್ಟದ ಮೇಲಿನ ತಾಲೂಕುಗಳ ವ್ಯವಹಾರದ ಮುಖ ಹುಬ್ಬಳ್ಳಿಯ ಕಡೆಗಿತ್ತು, ಏಕೆಂದರೆ ರೈಲು ಇದ್ದದ್ದು ಅಲ್ಲಿ. ಕರಾವಳಿಗೆ ಕೊಂಕಣ ರೈಲು ಬಂದದ್ದು 1990ರ ದಶಕದಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಇಂದಿಗೂ ರೈಲಿಲ್ಲ. ಹೀಗಾಗಿ ಈ ಜಿಲ್ಲೆಯ ಪಿನ್ ಸಂಖ್ಯೆಯ ಮೊದಲರ್ಧದಲ್ಲಿ ಹಳೆಯ ರೈಲ್ವೆ ಟಪಾಲಿನ ಭೂಗೋಳವಿದೆ, ಕೊನೆಯರ್ಧದಲ್ಲಿ ಇಂಗ್ಲಿಷ್ ಅಕ್ಷರಮಾಲೆಯಿದೆ. ಕಾಡು, ಹೊಳೆ, ಘಟ್ಟ ಯಾವುದೂ ಇಲ್ಲ.

ಪಿನ್ ಎಂಬುದು ಕಚೇರಿಯ ಸಂಖ್ಯೆಯೇ ಹೊರತು ಊರಿನ ಸಂಖ್ಯೆಯಲ್ಲ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದರೆ, ಪಿನ್ ಸಂಖ್ಯೆಗಳು ಸುಮಾರು 19 ಸಾವಿರ ಮಾತ್ರ. ಹಳ್ಳಿಯ ಶಾಖಾ ಅಂಚೆ ಕಚೇರಿಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಸಂಖ್ಯೆಯಿಲ್ಲ. ತಮ್ಮ ಮೇಲಿನ ಉಪ ಅಂಚೆ ಕಚೇರಿಯ ಸಂಖ್ಯೆಯನ್ನೇ ಅವು ಹಂಚಿಕೊಳ್ಳುತ್ತವೆ. ಬಯಲುಸೀಮೆಯಲ್ಲಿ ಇದರಿಂದ ಅಷ್ಟೇನೂ ತೊಡಕಿಲ್ಲ, ಏಕೆಂದರೆ ಅಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪು. ಊರು ತಲುಪಿದರೆ ಮನೆ ತಲುಪಿದಂತೆಯೇ. ಉತ್ತರ ಕನ್ನಡದ ವಿಸ್ತಾರ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಅದರ ಮುಕ್ಕಾಲು ಪಾಲಿಗೂ ಮಿಗಿಲಾದದ್ದು ಅರಣ್ಯ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 14.37 ಲಕ್ಷ, ಅಂದರೆ ಚದರ ಕಿಲೋಮೀಟರಿಗೆ 140 ಜನ. ರಾಜ್ಯದ ಸರಾಸರಿ 319. ಜೋಯಿಡಾ ತಾಲೂಕಿನಲ್ಲಂತೂ ಈ ಸಂಖ್ಯೆ ಮೂವತ್ತನ್ನೂ ಮುಟ್ಟುವುದಿಲ್ಲ. ಇಂಥಲ್ಲಿ ಒಂದು ಪಿನ್ ಸಂಖ್ಯೆಯೊಳಗೆ ಒಂದು ಪೇಟೆ, ಅದರ ಸುತ್ತಲಿನ ಹತ್ತಾರು ಗ್ರಾಮಗಳು, ಪ್ರತಿ ಗ್ರಾಮಕ್ಕೂ ಐದಾರು ಮಜರೆಗಳು (ಗ್ರಾಮಕ್ಕೆ ಸೇರಿದ ಸಣ್ಣ ಬಿಡಿ ವಸತಿಗಳು), ಪ್ರತಿ ಮಜರೆಯಲ್ಲಿ ಅಡಿಕೆ ತೋಟದ ಅಂಚಿಗೊಂದು ಗುಡ್ಡದ ಓರೆಗೊಂದು ಎಂಬಂತೆ ಚದುರಿದ ಮನೆಗಳು ಎಲ್ಲವೂ ಅಡಗಿರುತ್ತವೆ.

ಅಂಚೆ ಇಲಾಖೆಯ ಲೆಕ್ಕದಲ್ಲಿ ಇಲ್ಲದ ಈ ಒಳವಿವರವನ್ನು ಜನ ತಾವೇ ತುಂಬಿಕೊಂಡರು. ಹೆಸರು, ತಂದೆಯ ಹೆಸರು, ಮನೆಯಿರುವ ಜಾಗದ ಹೆಸರು, ‘ಮು.’ ಎಂದು ಮುಕ್ಕಾಂ, ‘ಪೋ.’ ಎಂದು ಶಾಖಾ ಕಚೇರಿ, ‘ತಾ.’ ಎಂದು ತಾಲೂಕು, ಕೊನೆಗೆ ‘ಉ.ಕ.’. ಕೆಲವೊಮ್ಮೆ ಮಧ್ಯದಲ್ಲೊಂದು ‘ವಾಯಾ’ ಕೂಡ ಇರುತ್ತದೆ, ಬಸ್ಸು ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ತಿಳಿಸುವುದಕ್ಕೆ. ಗದ್ದೆ, ಜಡ್ಡಿ, ಸರ, ಕೊಪ್ಪ, ಮನೆ, ಕೇರಿ ಎಂದು ಕೊನೆಗೊಳ್ಳುವ ಆ ಜಾಗದ ಹೆಸರುಗಳಲ್ಲಿ ಹಲವು ಎರಡೋ ಮೂರೋ ಮನೆಗಳಿಗಷ್ಟೇ ಸೇರಿದವು. ಕಂದಾಯ ನಕ್ಷೆಯಲ್ಲಿ ಅವನ್ನು ಹುಡುಕಿ ಪ್ರಯೋಜನವಿಲ್ಲ. ವಿಳಾಸ ಪೂರ್ತಿಯಾಗಿ ಇದ್ದದ್ದು ಶಾಖಾ ಕಚೇರಿಯ ಅಂಚೆಯಣ್ಣನ ತಲೆಯಲ್ಲಿ. ಇಂಥವರ ಕಾಗದವನ್ನು ಹಾಲಿನ ಡೇರಿಯಲ್ಲಿ ಕೊಟ್ಟರೆ ಸಂಜೆಯೊಳಗೆ ಮುಟ್ಟುತ್ತದೆ, ಇಂಥವರದನ್ನು ಶಾಲೆಗೆ ಬರುವ ಮಕ್ಕಳ ಕೈಯಲ್ಲಿ ಕಳಿಸಬಹುದು, ಇಂಥವರ ಮನೆಗೆ ಆಷಾಢದಲ್ಲಿ ಕಾಲುಸಂಕ ಮುಳುಗಿರುವುದರಿಂದ ಆಚೆ ದಾರಿಯಿಂದಲೇ ಹೋಗಬೇಕು, ಒಂದೇ ಗ್ರಾಮದಲ್ಲಿರುವ ಗಣಪತಿ ಹೆಗಡೆಯರಲ್ಲಿ ವಿಮೆಯ ಕಾಗದ ಬರುವುದು ಯಾರಿಗೆ ಎಂಬಿತ್ಯಾದಿ ಸಂಗತಿಗಳೆಲ್ಲ ಅವನಿಗೆ ಗೊತ್ತಿದ್ದವು. ಪಿನ್ ಪದ್ಧತಿಯು ಐವತ್ತು ವರ್ಷ ಈ ಜಿಲ್ಲೆಯಲ್ಲಿ ಚೆನ್ನಾಗಿ ನಡೆದದ್ದು ಈ ತಿಳಿವಳಿಕೆಯ ಬಲದಿಂದ, ಮತ್ತು ಇದಕ್ಕೆ ಇಲಾಖೆ ಸಂಬಳ ಕೊಟ್ಟದ್ದು ದಿನಕ್ಕೆ ನಾಲ್ಕೈದು ಗಂಟೆಗಳ ಕೆಲಸವೆಂಬ ಲೆಕ್ಕದಲ್ಲಿ, ಗ್ರಾಮೀಣ ಡಾಕ್ ಸೇವಕನೆಂಬ ಹೆಸರಿನಲ್ಲಿ, ಕಾಯಂ ನೌಕರರಿಗಿರುವ ಸ್ಥಾನಮಾನವಿಲ್ಲದೆ.

ಯೋಜಿಸಿ ಕಟ್ಟಿದ ಊರಿನಲ್ಲಿ ವಿಳಾಸ ಹೇಗಿರುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಒಂದು ಉದಾಹರಣೆಯಿದೆ. ಮುಂಡಗೋಡದ ಟಿಬೆಟನ್ ನಿರಾಶ್ರಿತರ ವಸತಿ 1960ರ ದಶಕದಲ್ಲಿ ನೆಲೆಗೊಂಡಿತು. ಅಲ್ಲಿ ಕ್ಯಾಂಪುಗಳಿಗೆ ಸಂಖ್ಯೆಯಿದೆ, ಮನೆಗಳಿಗೆ ಸಂಖ್ಯೆಯಿದೆ, ಟಿಬೆಟನ್ ಕಾಲೊನಿಗೆ ಸ್ವಂತ ಅಂಚೆ ಕಚೇರಿಯೂ 581411 ಎಂಬ ಸ್ವಂತ ಪಿನ್ ಸಂಖ್ಯೆಯೂ ಇವೆ. ಅಮೆರಿಕದಿಂದಲೋ ಸ್ವಿಟ್ಜರ್ಲೆಂಡಿನಿಂದಲೋ ಬಂದ ಕಾಗದ ಅಲ್ಲಿನ ಮನೆಬಾಗಿಲಿಗೆ ಹೋಗಲು ಯಾರ ನೆನಪನ್ನೂ ಅವಲಂಬಿಸಬೇಕಾಗಿಲ್ಲ. ಅದೇ ಸೀಮೆಯಲ್ಲಿ ತಲೆತಲಾಂತರದಿಂದ ಇರುವ ಸಿದ್ದಿಯರ ಕೇರಿಗಳಿಗೂ ಗೌಳಿವಾಡಗಳಿಗೂ ಆ ಅನುಕೂಲವಿಲ್ಲ. ಇದಕ್ಕೆ ಕಾರಣ ಕಾಡಲ್ಲ. ಒಂದನ್ನು ಸರ್ಕಾರ ಕುಳಿತು ಅಳೆದು ಸಂಖ್ಯೆ ಹಾಕಿತು, ಇನ್ನೊಂದಕ್ಕೆ ಹಾಕಲಿಲ್ಲ.

ಕಳೆದ ಹದಿನೈದು ವರ್ಷಗಳಲ್ಲಿ ಬದಲಾದದ್ದು ಟಪಾಲಿಗಿಂತ ಹೆಚ್ಚಾಗಿ ಪಿನ್ ಸಂಖ್ಯೆಯನ್ನು ಓದುವವರು. ಆಧಾರ್ ಅರ್ಜಿಯಲ್ಲಿ ಪಿನ್ ತುಂಬಿದರೆ ಅದರಡಿಯ ಊರುಗಳ ಮತ್ತು ಅಂಚೆ ಕಚೇರಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಇದ್ದುದರಲ್ಲಿ ಒಂದನ್ನು ಆರಿಸಬೇಕು. ಸ್ವಂತ ಮಜರೆಯ ಹೆಸರು ಅಲ್ಲಿ ಸಿಗದವನು ಪಕ್ಕದ ಗ್ರಾಮವನ್ನು ಒತ್ತಿ ಬರುತ್ತಾನೆ, ಮುಂದೆ ಬ್ಯಾಂಕು, ಪಡಿತರ, ಪಾಸ್‌ಪೋರ್ಟುಗಳಲ್ಲೆಲ್ಲ ಅದೇ ಅವನ ಅಧಿಕೃತ ಊರಾಗುತ್ತದೆ. 2021ರಲ್ಲಿ ಕೋವಿಡ್ ಲಸಿಕೆಯ ಕೇಂದ್ರವನ್ನು ಹುಡುಕುವುದಕ್ಕೂ ಪಿನ್ ಒಂದು ದಾರಿಯಾಗಿತ್ತು. ಆನ್‌ಲೈನ್ ಮಾರಾಟದವರು ಪಿನ್ ನೋಡಿ ತಮ್ಮ ಸಾಮಾನು ಅಲ್ಲಿಗೆ ಹೋಗುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುತ್ತಾರೆ. ಈ ತೀರ್ಮಾನ ಎರಡೂ ಕಡೆಯಿಂದ ತಪ್ಪಬಹುದು. ಪೇಟೆಯ ಪಿನ್ ಇರುವುದರಿಂದ ಮೂವತ್ತು ಕಿಲೋಮೀಟರ್ ಒಳಗಿನ ಮನೆಗೂ ತಲುಪಿಸುತ್ತೇವೆಂದು ಒಪ್ಪಿಕೊಂಡು, ಕೊನೆಗೆ ಗಿರಾಕಿಯನ್ನೇ ಪೇಟೆಗೆ ಕರೆಸುವುದು ಒಂದು ಬಗೆ. ಹಳ್ಳಿಯ ಪಿನ್ ಎಂಬ ಒಂದೇ ಕಾರಣಕ್ಕೆ ರಸ್ತೆ ಬದಿಯ ಮನೆಗೂ ಇಲ್ಲವೆನ್ನುವುದು ಇನ್ನೊಂದು ಬಗೆ. ಕೊರಿಯರ್ ಹುಡುಗನ ಬಳಿ ಅಂಚೆಯಣ್ಣನ ತಿಳಿವಳಿಕೆ ಇಲ್ಲ, ಅದಕ್ಕೆ ಬದಲಾಗಿ ಫೋನ್ ಸಂಖ್ಯೆಯಿದೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರುಗಳಲ್ಲಿ ಆ ಫೋನೂ ಕೂಗುವುದಿಲ್ಲ.

ಸಾಮಾನು ಬಾರದಿದ್ದರೆ ಆಗುವ ನಷ್ಟ ಸಣ್ಣದು. ನೋಟಿಸು ಬಾರದಿದ್ದರೆ ಆಗುವುದು ಬೇರೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಕಲಮಿನ ಪ್ರಕಾರ, ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ಭರಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ ಪತ್ರವು ವಾಡಿಕೆಯ ಅವಧಿಯಲ್ಲಿ ಮುಟ್ಟಿತೆಂದೇ ಕಾನೂನು ಭಾವಿಸುತ್ತದೆ. ಮುಟ್ಟಲಿಲ್ಲವೆಂದು ಸಾಬೀತುಪಡಿಸುವ ಹೊಣೆ ಅದನ್ನು ಪಡೆಯಬೇಕಿದ್ದವನದು. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಸಾವಿರಾರು ಕುಟುಂಬಗಳು ಈ ಜಿಲ್ಲೆಯಲ್ಲಿವೆ, ಮತ್ತು ಆ ಕಾಯ್ದೆಯಲ್ಲಿ ಮೇಲ್ಮನವಿಗೆ ಇರುವ ಕಾಲಾವಕಾಶ 60 ದಿನ. ಅರಣ್ಯ ಭೂಮಿಯ ಮೇಲಿನ ಮನೆಗೆ ಹಲವೆಡೆ ಪಂಚಾಯತಿಯ ಮನೆ ಸಂಖ್ಯೆಯೇ ಇರುವುದಿಲ್ಲ. ಹಕ್ಕು ಸಾಬೀತಾಗದ ಹೊರತು ಸಂಖ್ಯೆಯಿಲ್ಲ, ಸಂಖ್ಯೆಯಿಲ್ಲದ ಮನೆಗೆ ಹಕ್ಕಿನ ಬಗೆಗಿನ ಕಾಗದ ಸರಿಯಾಗಿ ಹೋಗುವ ಖಾತರಿಯಿಲ್ಲ.

ಇದೇ ಹೊತ್ತಿಗೆ ಅಂಚೆಯ ಸೇವೆಗಳೂ ರೂಪ ಬದಲಿಸುತ್ತಿವೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನಗೊಳಿಸಲಾಯಿತು. ಹಳೆಯ ರಿಜಿಸ್ಟರ್ಡ್ ಅಂಚೆ ವ್ಯಕ್ತಿಯನ್ನು ಹುಡುಕಿಕೊಂಡು ಹೋಗುವಂಥದ್ದು, ಅವನ ಕೈಗೇ ಕೊಡಬೇಕಾದದ್ದು. ಸ್ಪೀಡ್ ಪೋಸ್ಟು ಹುಡುಕುವುದು ವಿಳಾಸವನ್ನು. ವ್ಯಕ್ತಿಗೇ ಕೊಡಬೇಕೆಂದಾದರೆ ಈಗ ಪ್ರತ್ಯೇಕ ಶುಲ್ಕ ಕೊಟ್ಟು ನೋಂದಣಿ ಸೌಲಭ್ಯವನ್ನು ಸೇರಿಸಿಕೊಳ್ಳಬೇಕು. ಓಟಿಪಿ ಪಡೆದು ಬಟವಾಡೆ ಮಾಡುವ ಸೌಲಭ್ಯವೂ ಬಂದಿದೆ. ನಗರಕ್ಕೆ ಇದು ಒಳ್ಳೆಯದೇ. ವಿಳಾಸ ಮಸುಕಾಗಿ ವ್ಯಕ್ತಿ ಸ್ಪಷ್ಟವಾಗಿರುವ ಸೀಮೆಯಲ್ಲಿ ಮಾತ್ರ ಇದು ತಿರುಗುಮುರುಗು.

ವಿಳಾಸವೇ ಇಲ್ಲವಾದ ಊರುಗಳ ಮಾತು ಇನ್ನೂ ಬೇರೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸುಪಾ ಎಂಬ ಪಟ್ಟಣ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು, ನಿರ್ವಸಿತರಲ್ಲಿ ಹಲವರು ರಾಮನಗರದಲ್ಲಿ ನೆಲೆಸಿದರು. ನೀರಿನಡಿಯ ಊರಿನ ಹೆಸರು ಮಾತ್ರ ತಾಲೂಕಿನ ಹೆಸರಾಗಿ ಬಹುಕಾಲ ಲಕೋಟೆಗಳ ಮೇಲೆ ಉಳಿಯಿತು, ಹಳಬರು ಈಗಲೂ ಹಾಗೆಯೇ ಬರೆಯುತ್ತಾರೆ. ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು, ಕೈಗಾ ಸ್ಥಾವರ, ಕಾರವಾರದ ನೌಕಾನೆಲೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದಾಚೆಗೆ ನಡೆದಿರುವ ಸ್ಥಳಾಂತರ ಎಲ್ಲವೂ ಇದೇ ಜಿಲ್ಲೆಯ ವಿಳಾಸಗಳನ್ನು ಮತ್ತೆ ಮತ್ತೆ ಕದಲಿಸಿವೆ.

ಈ ಹಿನ್ನೆಲೆಯಲ್ಲಿ ಡಿಜಿಪಿನ್ ಎಂಬ ಹೊಸ ಸಂಕೇತವನ್ನು ನೋಡಬೇಕು. ಅಂಚೆ ಇಲಾಖೆಯು ಹೈದರಾಬಾದಿನ ಐಐಟಿ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆಗೂಡಿ ರೂಪಿಸಿದ ಇದನ್ನು 2025ರ ಮೇ 27ರಂದು ಜನರ ಬಳಕೆಗೆ ತೆರೆಯಲಾಯಿತು. ದೇಶವನ್ನು ಒಳಗೊಂಡ 36 ಡಿಗ್ರಿ ಅಗಲ, 36 ಡಿಗ್ರಿ ಎತ್ತರದ ಒಂದು ದೊಡ್ಡ ಚೌಕವನ್ನು 16 ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದು ಅಕ್ಷರ ಅಥವಾ ಅಂಕಿ ಕೊಟ್ಟು, ಆ ಭಾಗವನ್ನು ಮತ್ತೆ 16 ಮಾಡುತ್ತ ಹತ್ತು ಹಂತ ಇಳಿದರೆ ಸುಮಾರು 4 ಮೀಟರ್ ಉದ್ದಗಲದ ತುಂಡು ಸಿಗುತ್ತದೆ. ಹತ್ತು ಚಿಹ್ನೆಗಳು ಸೇರಿ ಆ ತುಂಡಿನ ಹೆಸರಾಗುತ್ತವೆ. ಪಿನ್ ಸಂಖ್ಯೆಗೆ ಇಲ್ಲದ ಗುಣವೊಂದು ಇದಕ್ಕಿದೆ: ಮೊದಲ ಏಳೆಂಟು ಚಿಹ್ನೆಗಳು ಒಂದೇ ಆಗಿದ್ದರೆ ಆ ಎರಡು ಜಾಗಗಳು ನಿಜಕ್ಕೂ ಹತ್ತಿರದವು. ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು, ಲೆಕ್ಕವನ್ನು ಇಂಟರ್ನೆಟ್ ಇಲ್ಲದೆಯೂ ಮಾಡಬಹುದು. ಉಪಗ್ರಹದ ಸಂಕೇತಕ್ಕೆ ಮೊಬೈಲ್ ಟವರು ಬೇಕಿಲ್ಲವಾದ್ದರಿಂದ ಜೋಯಿಡಾದ ಒಳಹಳ್ಳಿಗೆ ಇದು ಕಡಿಮೆ ಲಾಭವೇನಲ್ಲ. ದಟ್ಟ ಕಾಡಿನಡಿ ಫೋನಿನ ಅಳತೆ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಬಹುದೆಂಬ ಆಕ್ಷೇಪವಿದೆ. ಪಕ್ಕದ ಮನೆ ಇನ್ನೂರು ಮೀಟರ್ ದೂರವಿರುವಲ್ಲಿ ಆ ತಪ್ಪಿನಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆ ಇರುವುದು ಬೇರೆಡೆ. ಡಿಜಿಪಿನ್ ಮನೆ ಎಲ್ಲಿದೆ ಎಂದು ಹೇಳುತ್ತದೆ, ಅಲ್ಲಿಗೆ ಹೋಗುವುದು ಹೇಗೆಂದು ಹೇಳುವುದಿಲ್ಲ. ಹೊಳೆಯ ಈ ದಡಕ್ಕೂ ಆ ದಡಕ್ಕೂ ಸಂಕೇತದಲ್ಲಿ ಒಂದೆರಡು ಚಿಹ್ನೆಗಳ ವ್ಯತ್ಯಾಸ ಮಾತ್ರ ಕಂಡರೂ ಸುತ್ತಿ ಹೋಗಬೇಕಾದ ದಾರಿ ಹಲವು ಮೈಲು ಆಗಬಹುದು. 2021ರ ಜುಲೈನಲ್ಲಿ ಗಂಗಾವಳಿಯ ನೆರೆಗೆ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅದೇ ತಿಂಗಳು ಕಳಚೆಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಬಿತ್ತು. ಇಂಥ ಪ್ರತಿ ಅವಘಡದ ಮರುದಿನವೂ ಪಿನ್ ಹಾಗೆಯೇ ಇರುತ್ತದೆ, ಡಿಜಿಪಿನ್ ಹಾಗೆಯೇ ಇರುತ್ತದೆ. ಬದಲಾಗುವುದು ಟಪಾಲು ಚೀಲ ಯಾವ ಬಸ್ಸಿನಲ್ಲಿ, ಯಾವ ದಾರಿಯಲ್ಲಿ, ಯಾವ ಶಾಖಾ ಕಚೇರಿಗೆ ಹೋಗಬೇಕೆಂಬುದು. ಅದನ್ನು ನಿರ್ಧರಿಸುವುದು ಆ ದಾರಿಯನ್ನು ಬಲ್ಲ ಮನುಷ್ಯ. ಅಲ್ಲದೆ ಡಿಜಿಪಿನ್ ನೋಡಿ ಯಾವ ಕಚೇರಿ ಬಟವಾಡೆ ಮಾಡಬೇಕೆಂದು ಯಂತ್ರದ ನೆರವಿಲ್ಲದೆ ಯಾರೂ ತಿಳಿಯಲಾರರು. ಆದ್ದರಿಂದಲೇ ಇಲಾಖೆ ಅದನ್ನು ಪಿನ್ ಜೊತೆಗಿನ ಇನ್ನೊಂದು ಪದರವೆಂದು ಕರೆದಿದೆ, ಪಿನ್‌ಗೆ ಬದಲಿ ಎಂದಿಲ್ಲ. ಈ ವಿವೇಕ ಮೆಚ್ಚಬೇಕಾದದ್ದು.

2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯು ವಿಳಾಸ ಬರೆಯುವ ಕ್ರಮಕ್ಕೂ ಪೋಸ್ಟ್‌ಕೋಡ್ ಬಳಕೆಗೂ ಮಾನದಂಡ ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಧ್ರುವ ಎಂಬ ಹೆಸರಿನಲ್ಲಿ ಇಲಾಖೆ ಮುಂದಿಟ್ಟಿರುವ ಯೋಜನೆಯಲ್ಲಿ ಯುಪಿಐ ಐಡಿಯಂಥ ಒಂದು ಚಿಕ್ಕ ಹೆಸರೇ ವಿಳಾಸವಾಗುತ್ತದೆ, ಮಾಲೀಕನ ಒಪ್ಪಿಗೆ ಇದ್ದವರಿಗೆ ಮಾತ್ರ ಪೂರ್ಣ ವಿವರ ಸಿಗುತ್ತದೆ. ಕಾಡಿನ ನಡುವಿನ ಒಂಟಿ ಮನೆಯ ನಿಖರ ಜಾಗ ಎಲ್ಲರ ಕೈಗೂ ಸಿಗಬಾರದೆಂಬ ದೃಷ್ಟಿಯಿಂದ ಈ ಒಪ್ಪಿಗೆಯ ಏರ್ಪಾಡು ಮುಖ್ಯ. ಆದರೆ ಇದೆಲ್ಲ ನಿಂತಿರುವುದು ಮನೆಯವರು ತಾವೇ ಮೊಬೈಲಿನಲ್ಲಿ ವಿವರ ತುಂಬುತ್ತಾರೆಂಬ ಊಹೆಯ ಮೇಲೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದಿರುವ ಮನೆಗಳು ಶಿರಸಿ, ಸಿದ್ದಾಪುರದ ಸೀಮೆಯಲ್ಲಿ ಎಷ್ಟಿವೆಯೆಂದು ಬಲ್ಲವರು ಹಾಗೆ ಊಹಿಸುವುದಿಲ್ಲ.

ನನಗೆ ಕಾಣುವಂತೆ, ಇಂಥ ಜಿಲ್ಲೆಗೆ ಬೇಕಾಗಿರುವುದು ಪಿನ್ ಮತ್ತು ಡಿಜಿಪಿನ್‌ಗಳ ನಡುವಿನ ಒಂದು ಮೆಟ್ಟಿಲು: ಮಜರೆಗಳ ಮತ್ತು ಮನೆಗಳ ಅಧಿಕೃತ ಪಟ್ಟಿ. ಪ್ರತಿ ಶಾಖಾ ಕಚೇರಿಯ ವ್ಯಾಪ್ತಿಯಲ್ಲಿ ಜನ ಬಳಸುವ ಜಾಗದ ಹೆಸರುಗಳನ್ನು ಕನ್ನಡದಲ್ಲಿಯೇ, ಒಂದು ನಿಶ್ಚಿತ ಕಾಗುಣಿತದಲ್ಲಿ ಬರೆದು, ಪ್ರತಿ ಮನೆಗೂ ಒಂದು ಡಿಜಿಪಿನ್ ದಾಖಲಿಸಬೇಕು; ವಾಹನ ನಿಲ್ಲುವ ದಣಪೆ (ಬೇಲಿಯ ಬಾಗಿಲು) ಮನೆಯಿಂದ ದೂರವಿದ್ದರೆ ಅದಕ್ಕೂ ಒಂದು, ಮಳೆಗಾಲದಲ್ಲಿ ಕಾಗದ ಬಿಡಬೇಕಾದ ಡೇರಿಗೋ ಅಂಗಡಿಗೋ ಇನ್ನೊಂದು. ಹಕ್ಕುಪತ್ರವಿಲ್ಲದ ಮನೆಗೂ ಇದರಲ್ಲಿ ಜಾಗವಿರಬೇಕು, ಮತ್ತು ಈ ನಮೂದು ಜಮೀನಿನ ಹಕ್ಕಿಗೆ ಸಾಕ್ಷ್ಯವಲ್ಲವೆಂದು ಅಲ್ಲೇ ಸ್ಪಷ್ಟವಾಗಿ ಬರೆದರೆ ಅರಣ್ಯ ಇಲಾಖೆಯ ತಕರಾರಿಗೂ ಆಸ್ಪದವಿಲ್ಲ. ಇದಕ್ಕೆ ಹೊಸ ಸಂಸ್ಥೆಯೇನೂ ಬೇಡ. ಮನೆ ಸಂಖ್ಯೆ ಕೊಡುವ ಗ್ರಾಮ ಪಂಚಾಯತಿಯಿದೆ, ಶಾಖಾ ಕಚೇರಿಯಲ್ಲಿ ಈಗಾಗಲೇ ಕೈಯಲ್ಲಿ ಹಿಡಿಯುವ ಯಂತ್ರವಿದೆ, ದಾರಿ ಬಲ್ಲ ಸೇವಕನಿದ್ದಾನೆ.

ಅವಸರ ಇರುವುದು ಆ ಕೊನೆಯವನ ವಿಚಾರದಲ್ಲಿ. ಗ್ರಾಮೀಣ ಡಾಕ್ ಸೇವಕರ ನೇಮಕ ಈಗ ಆನ್‌ಲೈನ್ ಅರ್ಜಿಯ ಮೂಲಕ, ಹತ್ತನೇ ತರಗತಿಯ ಅಂಕಗಳ ಮೇಲೆ ನಡೆಯುತ್ತದೆ. ಹೆಚ್ಚು ಅಂಕವಿರುವ ಬೇರೆ ಜಿಲ್ಲೆಯ ಹುಡುಗರೂ ಹುಡುಗಿಯರೂ ಮಲೆನಾಡಿನ ಒಳಕಚೇರಿಗಳಿಗೆ ಬರುತ್ತಾರೆ, ಒಂದೆರಡು ಮಳೆಗಾಲ ಕಂಡು ವರ್ಗಾವಣೆಗೆ ಅರ್ಜಿ ಹಾಕುತ್ತಾರೆ. ಅವರನ್ನು ದೂರುವಂತಿಲ್ಲ. ಮೂವತ್ತು ನಲವತ್ತು ವರ್ಷ ಅದೇ ದಾರಿ ತುಳಿದು 65ಕ್ಕೆ ನಿವೃತ್ತನಾಗುವ ಸೇವಕನಿಂದ ಹೊಸಬರಿಗೆ ಇಂದು ಬರಹದಲ್ಲಿ ದಾಟುವುದು ಮುದ್ರೆ, ತಕ್ಕಡಿ, ಲೆಕ್ಕದ ಪುಸ್ತಕ ಮತ್ತು ನಗದು ಬಾಕಿ. ಯಾವ ಮನೆ ಎಲ್ಲಿದೆ ಎಂಬ ವಿವರಕ್ಕೆ ಆ ಅಧಿಕಾರ ಹಸ್ತಾಂತರದ ನಮೂನೆಯಲ್ಲಿ ಒಂದು ಕಾಲಮ್ಮನ್ನು ಸೇರಿಸಲು ಸಂಸತ್ತಿನ ಕಾಯ್ದೆ ಬೇಕಿಲ್ಲ, ಶಿರಸಿ ಮತ್ತು ಕಾರವಾರ ಅಂಚೆ ವಿಭಾಗಗಳ ಮಟ್ಟದಲ್ಲಿ ಒಂದು ಸುತ್ತೋಲೆ ಹೊರಟರೆ ಸಾಕು.